ಆಟಿಸಂ ಮಕ್ಕಳಿಗೆಂದು ಮಾರುವ ಜೊಲ್ಲಿನ ‘ಮಿಥೈಲೇಶನ್’ ಕಿಟ್: ಕೊಳ್ಳುವ ಮುನ್ನ

ಹುಬ್ಬಳ್ಳಿ-ಧಾರವಾಡದ ಪಾಲಕರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವ, ಡಿಎನ್‌ಎಗೆ ಅಂಟಿದ ‘ಮಿಥೈಲ್’ ಎಂಬ ರಾಸಾಯನಿಕ ಗುರುತು ಅಳೆಯುವ ಇಂಥ ಕಿಟ್‌ನಲ್ಲಿ ಕೊಳವೆ, ಆಲಿಕೆ, ಕೆಡದಂತಿಡುವ ದ್ರಾವಣ ಇರುತ್ತವೆ. ಮಗುವಿಗೆ ಉಣಿಸಿ ಅರ್ಧ ತಾಸಾದ ಮೇಲೆ, ನೊರೆ ಬಿಟ್ಟು ಸುಮಾರು 2 ಎಂಎಲ್ ಜೊಲ್ಲು ಬೇಕು. ಉಗುಳಲು ಬಾರದ ಮಗುವಿಗೆ ಇದು ಆಗದ ಮಾತು. ಸ್ಪಾಂಜ್ ಕಡ್ಡಿ ಕೇಳಿ ತರಿಸಿ. ಜೊಲ್ಲು ಕೊಳವೆಯ ಗೆರೆ ಮುಟ್ಟದಿದ್ದರೆ ಡಿಎನ್‌ಎ ಸಾಲದೆ ಹೋಗಬಹುದು.

ನಿಜವಾದ ತೊಂದರೆ ವರದಿಯಲ್ಲಿದೆ. ಮಿಥೈಲ್ ಗುರುತು ಜೀನ್‌ನ ಅಕ್ಷರ ಬದಲಿಸದೆ ಅದರ ಕೆಲಸ ಏರಿಸುತ್ತದೆ, ಇಳಿಸುತ್ತದೆ. ಆದರೆ ಒಂದೊಂದು ಬಗೆಯ ಕೋಶದಲ್ಲಿ ಅದು ಒಂದೊಂದು ಥರ. ಜೊಲ್ಲಿನಲ್ಲಿ ಸಿಗುವುದು ಕೆನ್ನೆಯ ಒಳಪದರದ ಕೋಶ ಮತ್ತು ಬಿಳಿ ರಕ್ತಕಣ, ಮಿದುಳಿನದಲ್ಲ. ಒಸಡು ಬಾತಿದ್ದರೆ ಬಿಳಿಕಣ ಹೆಚ್ಚಿ ಅಂಕಿಯೇ ಬದಲಾಗುತ್ತದೆ. ಫೋಲೇಟ್ ವಿಟಮಿನ್ ಬಳಕೆಗೆ ಬೇಕಾದ ಎಂಟಿಎಚ್‌ಎಫ್‌ಆರ್ ಜೀನ್‌ನಲ್ಲಿ ಸಿ677ಟಿ ಎಂಬ ಬದಲಾವಣೆ ಕಂಡೊಡನೆ ‘ದೋಷ’ ಎಂದು ವಿಟಮಿನ್ ಡಬ್ಬಿ ಬರೆಯುವುದಂತೂ ತಪ್ಪು. ಆ ಬದಲಾವಣೆ ಆರೋಗ್ಯವಂತರಲ್ಲೂ ಸಾಮಾನ್ಯ.

ರೊಕ್ಕ ಹಾಕುವುದಿದ್ದರೆ ವೈದ್ಯರನ್ನು ಕೇಳಿ ಫ್ರಜೈಲ್ ಎಕ್ಸ್ (ಬುದ್ಧಿ ಬೆಳವಣಿಗೆ ಕುಂಠಿಸುವ ವಂಶವಾಹಿ ಕಾಯಿಲೆ) ಪರೀಕ್ಷೆಗೆ ಮತ್ತು ಕ್ರೋಮೋಸೋಮಿನ ತುಣುಕು ಕಳೆದಿದೆಯೇ, ಹೆಚ್ಚಾಗಿದೆಯೇ ಎಂದು ನೋಡುವ ಕ್ರೋಮೋಸೋಮ್ ಮೈಕ್ರೊಅರೇಗೆ ಹಾಕಿ. ಫ್ರಜೈಲ್ ಎಕ್ಸ್‌ಗೆ ಕಾರಣವಾದ ಎಫ್‌ಎಂಆರ್1 ಜೀನ್‌ನಲ್ಲಿ ‘ಸಿಜಿಜಿ’ ಎಂಬ ಮೂರು ಅಕ್ಷರಗಳ ಪುನರಾವರ್ತನೆ 200 ದಾಟಿದರೆ ಸಾಮಾನ್ಯವಾಗಿ ಮಿಥೈಲ್ ಗುರುತು ಬಿದ್ದು ಜೀನ್ ಸುಮ್ಮನಾಗುತ್ತದೆ. ಎಪಿಜೆನೆಟಿಕ್ಸ್ (ಇಂಥ ಗುರುತುಗಳ ಅಧ್ಯಯನ) ಇಲ್ಲಿ ಖಚಿತ ಉತ್ತರ ಕೊಡುತ್ತದೆ, ಮುಂದಿನ ಗರ್ಭಧಾರಣೆಗೂ ದಾರಿ ತೋರುತ್ತದೆ. ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ 2–3 ಎಂಎಲ್ ರಕ್ತ ಸಾಕು. ತುಂಬಿದೊಡನೆ 8–10 ಸಲ ಮೆಲ್ಲಗೆ ತಿರುಗಿಸದಿದ್ದರೆ ರಕ್ತ ಹೆಪ್ಪುಗಟ್ಟಿ ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ. ಫ್ರೀಜರ್‌ನಲ್ಲಿ ಇಡಬಾರದು. ವರದಿಗೆ ಕಾಯುತ್ತ ಮಾತಿನ ಥೆರಪಿ ಮುಂದೂಡಬೇಡಿ. ಮಗುವಿನ ಮೌಲ್ಯಮಾಪನಕ್ಕೆ ಧಾರವಾಡದಲ್ಲೇ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಇದೆ.