ದುಬೈಗೆ ‘ಮೂರೇ ಗಂಟೆ’ ಅಂತ ನಂಬಿ ಮುಂಬೈ ಮೇಲೆ ಎರಡು ಟಿಕೆಟ್ ಮಾಡಿಸಬೇಡಿ

ದೂರ ತೋರಿಸುವ ವೆಬ್ ಪುಟಗಳಲ್ಲಿ ಮಂಗಳೂರಿನಿಂದ ದುಬೈಗೆ ‘ಮೂರು ಗಂಟೆ’ ಅಂತ ಕಾಣುತ್ತದೆ. ಅದನ್ನು ನಂಬಿ ಹೊರಟ ಉಡುಪಿ ಕಡೆಯ ಒಂದು ಕುಟುಂಬ ಮುಂಬೈಯಲ್ಲಿ ದುಬೈ ವಿಮಾನ ತಪ್ಪಿ, ಟಿಕೆಟಿನ ದುಡ್ಡು ಕಳೆದುಕೊಂಡು ವಾಪಸ್ ಬಂದಿದೆ. ಏಜೆಂಟ್ ಮಾಡಿಕೊಟ್ಟದ್ದು ಎರಡು ಬೇರೆ ಬೇರೆ ಪಿಎನ್‌ಆರ್ (ಬುಕಿಂಗ್ ಸಂಖ್ಯೆ): ಮಂಗಳೂರು–ಮುಂಬೈ ಒಂದು, ಮುಂಬೈ–ದುಬೈ ಇನ್ನೊಂದು. ನಡುವೆ ಇದ್ದದ್ದು ಎರಡೂಮುಕ್ಕಾಲು ಗಂಟೆ. ಮಳೆಗೆ ಬಜ್ಪೆಯಿಂದ, ಅಂದರೆ ಮಂಗಳೂರು ವಿಮಾನ ನಿಲ್ದಾಣದಿಂದ, ಹೊರಟದ್ದೇ 50 ನಿಮಿಷ ತಡ.

ಉಳಿದದ್ದು 1 ಗಂಟೆ 55 ನಿಮಿಷ. ಇಳಿದು, ಬೆಲ್ಟಿನಿಂದ ಬ್ಯಾಗ್ ಸಿಗುವಾಗ 40 ನಿಮಿಷ ಹೋಯಿತು. ಇಳಿದದ್ದು ಟಿ1ರಲ್ಲಿ (ಒಂದನೇ ಟರ್ಮಿನಲ್), ದುಬೈ ವಿಮಾನ ಟಿ2ರಿಂದ. ಹೊರಗೆ ಬಂದು ಟ್ಯಾಕ್ಸಿ ಹಿಡಿದು ರಸ್ತೆ ಮೇಲೆಯೇ ಹೋಗಬೇಕು, ಅದಕ್ಕೆ ಅರ್ಧ ಗಂಟೆ. ಅಂತರರಾಷ್ಟ್ರೀಯ ವಿಮಾನದ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ. ಇವರು ತಲುಪಿದಾಗ ಉಳಿದದ್ದು 45 ನಿಮಿಷ. ಇಮಿಗ್ರೇಶನ್ ಸಾಲಿನವರೆಗೂ ಹೋಗಲಾಗಲಿಲ್ಲ.

ಎರಡು ಪಿಎನ್‌ಆರ್ ಆದರೆ ಮೊದಲ ವಿಮಾನ ತಡವಾದದ್ದಕ್ಕೆ ಎರಡನೆಯ ಕಂಪನಿ ಜವಾಬ್ದಾರಿ ಅಲ್ಲ. ಅವರ ಲೆಕ್ಕದಲ್ಲಿ ನೀವು ‘ನೋ ಶೋ’, ಅಂದರೆ ಬಾರದೇ ಉಳಿದವರು. ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ಕೇಳಿ ಪಡೆಯಬಹುದು, ಬಿಡಬೇಡಿ. ಮೂಲ ದರ ಮಾತ್ರ ಹೋದ ಹಾಗೆಯೇ. ಅದೇ ಟಿಕೆಟಿನಲ್ಲಿ ವಾಪಸ್ ಪ್ರಯಾಣವೂ ಇದ್ದರೆ ಅದೂ ರದ್ದಾಗುವುದುಂಟು. ವಿಮಾನ ತಪ್ಪುವುದು ಖಚಿತವಾದರೆ ಅದು ಹೊರಡುವ ಮೊದಲೇ ಕಂಪನಿಗೆ ಫೋನ್ ಮಾಡಿ.

ತೂಕದ್ದು ಇನ್ನೊಂದು ಪೆಟ್ಟು. ಗಲ್ಫ್ ಟಿಕೆಟಿನಲ್ಲಿ 30 ಕೆಜಿ ಇದ್ದರೂ, ಬೇರೆಯಾಗಿ ಮಾಡಿಸಿದ ಮುಂಬೈ ಟಿಕೆಟಿನಲ್ಲಿ ಹೆಚ್ಚಾಗಿ 15 ಕೆಜಿ ಮಾತ್ರ. ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ ಕಟ್ಟಿದ ಬ್ಯಾಗಿಗೆ ಮಂಗಳೂರಿನ ಕೌಂಟರಿನಲ್ಲೇ ಹೆಚ್ಚುವರಿ ದುಡ್ಡು ಕಟ್ಟಿಸುತ್ತಾರೆ. ಉಳಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು.

ಇಷ್ಟಕ್ಕೆಲ್ಲ ಮೂಲ, ದೂರ ತೋರಿಸುವ ಪುಟಗಳಲ್ಲಿ ಕಾಣುವ ಆ ‘ಮೂರು ಗಂಟೆ’. ಮಂಗಳೂರಿನಿಂದ ದುಬೈಗೆ ನೇರ ಗೆರೆಯಲ್ಲಿ ಸುಮಾರು 2,460 ಕಿ.ಮೀ. ಅದನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ ಬರುವ ಉತ್ತರ ಅದು. ರನ್‌ವೇಗೆ ಹೋಗುವ ಹೊತ್ತು, ಏರುವ–ಇಳಿಯುವ ಹೊತ್ತು, ಎದುರು ಗಾಳಿ, ಆಕಾಶದಲ್ಲಿ ಸರದಿ ಕಾಯುವುದು ಯಾವುದೂ ಅದರಲ್ಲಿಲ್ಲ. ನೇರ ವಿಮಾನಕ್ಕೇ ಮೂರೂವರೆ ಗಂಟೆ ಅಥವಾ ಇನ್ನೂ ಹೆಚ್ಚು ಹಿಡಿಯಿರಿ. ಜೊತೆಗೆ ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟಿನಲ್ಲಿ 20:00ಕ್ಕೆ ಹೊರಟು 22:00ಕ್ಕೆ ತಲುಪುವುದು ಅಂತಿದ್ದರೆ ಅದು ಎರಡು ಗಂಟೆಯ ಪ್ರಯಾಣವಲ್ಲ, ಮೂರೂವರೆ.

ನಮ್ಮ ಬಜ್ಪೆಯದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗಿಳಿದರೆ ಬರುವ ವಿಮಾನ ಮೇಲೆಯೇ ಸುತ್ತುತ್ತದೆ, ಇಲ್ಲವೇ ಬೆಂಗಳೂರಿಗೋ ಕೊಚ್ಚಿಗೋ ತಿರುಗುತ್ತದೆ. ಅದೇ ವಿಮಾನ ನಿಮ್ಮನ್ನು ಮುಂಬೈಗೆ ಒಯ್ಯಬೇಕಾದದ್ದು! ಮಳೆಗಾಲದಲ್ಲಿ ನಾಲ್ಕೈದು ಸಾವಿರ ಹೆಚ್ಚಾದರೂ ನೇರ ವಿಮಾನವೇ ಅಗ್ಗ.

ಮುಂಬೈ ಮೇಲೆಯೇ ಹೋಗಬೇಕಾದರೆ ಒಂದೇ ಪಿಎನ್‌ಆರ್ ಕೇಳಿ. ಬಜ್ಪೆ ಕೌಂಟರಿನಲ್ಲಿ ಬ್ಯಾಗಿನ ಹಿಡಿಗೆ ಸುತ್ತುವ ಪಟ್ಟಿ ನೋಡಿ: ಕೊನೆಯ ಊರಿನ ಸಂಕೇತ ಡಿಎಕ್ಸ್‌ಬಿ (ದುಬೈ) ಇರಬೇಕು. ಬಿಒಎಂ (ಮುಂಬೈ) ಅಂತಷ್ಟೇ ಇದ್ದರೆ ಬ್ಯಾಗ್ ಮುಂಬೈಯಲ್ಲೇ ಇಳಿಯುತ್ತದೆ, ಅಲ್ಲೇ ಕೇಳಿ ಸರಿಮಾಡಿಸಿ. ಎರಡು ಪಿಎನ್‌ಆರ್ ಅನಿವಾರ್ಯವಾದರೆ ನಡುವೆ ಕನಿಷ್ಠ ಐದು ಗಂಟೆ, ಮಳೆಗಾಲದಲ್ಲಿ ಎಂಟು.

ತಾರೀಖೂ ನೋಡಿಕೊಳ್ಳಿ. 15ನೇ ತಾರೀಖು 00:40 ಅಂದರೆ 14ರ ರಾತ್ರಿ. ಉಡುಪಿಯಿಂದ ಮೂಲ್ಕಿ–ಕಿನ್ನಿಗೋಳಿ–ಕಟೀಲು ದಾರಿಯಲ್ಲಿ ಬಜ್ಪೆಗೆ ಒಂದೂವರೆ ಗಂಟೆ ಇಟ್ಟುಕೊಂಡು, 14ರ ರಾತ್ರಿ ಎಂಟಕ್ಕೇ ಮನೆ ಬಿಡಿ.