ಓಟವೂ ಊರುನೋಟವೂ: ಮುಂಬೈ ಮತ್ತು ಲೇಹ್ ಮ್ಯಾರಥಾನ್‌ಗಳ ಹೋಲಿಕೆ

42.195 ಕಿಲೋಮೀಟರ್ ಓಡಲೆಂದು ಪರಊರಿಗೆ ಹೊರಟವರಿಗೆ, ಆ ಊರನ್ನು ಓಟಕ್ಕೆ ಮೊದಲು ನೋಡಬೇಕೋ ಆಮೇಲೆ ನೋಡಬೇಕೋ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಒಂದೇ ವರ್ಷದಲ್ಲಿ ಜನವರಿಯ ಮುಂಬೈ ಮ್ಯಾರಥಾನನ್ನೂ ಸೆಪ್ಟೆಂಬರಿನಲ್ಲಿ ಲೇಹ್‌ನಲ್ಲಿ ನಡೆಯುವ ಲಡಾಖ್ ಮ್ಯಾರಥಾನನ್ನೂ ಓಡಿ ಮುಗಿಸಿದ ನನಗೆ ಈ ಎರಡು ಊರುಗಳು ಕೊಟ್ಟ ಉತ್ತರ ಬೇರೆಬೇರೆ.

ಮುಂಬೈಗೆ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿದ್ದೆ. ರೈಲು ಇಳಿದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಎದುರಿನಿಂದಲೇ ಭಾನುವಾರದ ಓಟವೂ ಆರಂಭವಾಗುತ್ತದೆ. ಇಲ್ಲಿ ಓಟದ ಹಾದಿಯೇ ಊರುನೋಟ: ಮರೀನ್ ಡ್ರೈವ್ ದಾಟಿ, ಬೇರೆ ದಿನಗಳಲ್ಲಿ ಕಾಲ್ನಡಿಗೆಗೆ ಅವಕಾಶವೇ ಇಲ್ಲದ ಬಾಂದ್ರಾ–ವರ್ಲಿ ಸಮುದ್ರ ಸೇತುವೆಯ ಮೇಲೆ ಬೆಳಕು ಹರಿಯುವ ಹೊತ್ತಿಗೆ ಓಡಿದ್ದು ನನ್ನ ಪಾಲಿಗೆ ಯಾವ ಪ್ರವಾಸಕ್ಕೂ ಕಡಿಮೆಯಲ್ಲ. ಬೆವರು ಆರದ ಆ ಹವೆಯಲ್ಲಿ, ಕಾಲು ಸೋತ ಮೇಲೆ ಎದುರಾಗುವ ಪೆಡರ್ ರಸ್ತೆಯ ಏರಿನಲ್ಲಿ, ಬದಿಯಲ್ಲಿ ನಿಂತು ಕಿತ್ತಳೆ ಹೋಳು ಚಾಚಿದ ಮಕ್ಕಳನ್ನು ಮರೆಯಲಾರೆ.

ನಾನು ಎಡವಿದ್ದು ಮುಂಬೈ ಬಳಿಯ ದ್ವೀಪದಲ್ಲಿರುವ ಎಲಿಫೆಂಟಾ ಗುಹೆಗಳ ವಿಷಯದಲ್ಲಿ. ಆ ಗುಹೆಗಳಿಗೆ ಸೋಮವಾರ ರಜೆಯೆಂಬುದನ್ನು ಗಮನಿಸದೆ ಓಟದ ಮರುದಿನಕ್ಕೆ ಯೋಜನೆ ಹಾಕಿದ್ದೆ. ಮಂಗಳವಾರ ಹೋದಾಗ ನೂರಿಪ್ಪತ್ತು ಮೆಟ್ಟಿಲುಗಳನ್ನು ಹತ್ತುವುದು ಹೇಗೋ ಆಯಿತು, ಇಳಿಯುವಾಗ ಮಾತ್ರ ತೊಡೆಗಳು ಹಿಡಿದುಕೊಂಡು ಕಂಬಿಯನ್ನು ಬಿಗಿಹಿಡಿದು ಅಡ್ಡಡ್ಡ ಹೆಜ್ಜೆಯಿಡಬೇಕಾಯಿತು. ಶನಿವಾರ ಹೋದರೂ ಕಾಲು ದಣಿಯುತ್ತದೆ. ಆದ್ದರಿಂದ ಮುಂಬೈಯಲ್ಲಿ ಓಡುವವರು ಗುರುವಾರವೇ ಎಲಿಫೆಂಟಾ ನೋಡಿ, ಬಿಬ್ (ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿ) ಪಡೆದು, ಉಳಿದ ದಿನ ಸುಮ್ಮನಿರುವುದು ಒಳ್ಳೆಯದು.

ಲೇಹ್‌ನಲ್ಲಿ ಲೆಕ್ಕ ತಿರುಗುಮುರುಗು. ಸುಮಾರು 3,500 ಮೀಟರ್ ಎತ್ತರದ ಆ ಊರಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟೇ ಆಗಿರುವುದರಿಂದ, ದೇಹ ಹೊಂದಿಕೊಳ್ಳಲು ಹಲವು ದಿನ ಮೊದಲೇ ಹೋಗಿ ಉಳಿಯುವುದು ಅನಿವಾರ್ಯ. ನಾನು ಒಂಬತ್ತು ದಿನ ಮುಂಚೆ ತಲುಪಿದೆ. ಮೊದಲೆರಡು ದಿನ ಕೋಣೆ ಬಿಟ್ಟು ಕದಲಲಿಲ್ಲ. ಶೂ ದಾರ ಕಟ್ಟಲು ಬಗ್ಗಿದರೂ ಏದುಸಿರು ಬರುತ್ತಿತ್ತು. ಆಮೇಲೆ ನಿಧಾನವಾಗಿ ಹಳೆಯ ಬಜಾರು, ಅರಮನೆ, ಸಿಂಧೂ ನದಿಯ ದಡ ಎಂದು ಸುತ್ತಿದ ಪ್ರತಿಯೊಂದು ಹೆಜ್ಜೆಯೂ ಓಟದ ಸಿದ್ಧತೆಯೇ ಆಯಿತು. ಥಿಕ್ಸೆ ಗೊಂಪಾದ, ಅಂದರೆ ಬೌದ್ಧ ಮಠದ, ಬೆಳಗಿನ ಪ್ರಾರ್ಥನೆಯಲ್ಲಿ ಕುಳಿತಿದ್ದಾಗ, ಬಾಲಭಿಕ್ಷುವೊಬ್ಬ ಕೆಟಲ್ ಹಿಡಿದು ಬಂದು ಉಪ್ಪು–ಬೆಣ್ಣೆಯ ಚಹಾ ಸುರಿದ. ಬಟ್ಟಲನ್ನು ಅಂಗೈಗಳ ನಡುವೆ ಹಿಡಿದು ಕೈಗಡಿಯಾರ ನೋಡಿದರೆ, ಬಂದ ದಿನ 88 ಇದ್ದ ನಾಡಿ 68ಕ್ಕೆ ಇಳಿದಿತ್ತು. ಆ ನೆಮ್ಮದಿ ಮುಂಬೈಯ ಧಾವಂತದಲ್ಲಿ ನನಗೆ ಸಿಕ್ಕಿರಲಿಲ್ಲ.

ಓಟ ಮಾತ್ರ ಲೇಹ್‌ನಲ್ಲಿ ಕಠಿಣ. ಸಿಂಧೂ ಕಣಿವೆಗೆ ಇಳಿದವರು ಕೊನೆಗೆ ಊರಿನತ್ತ ಮತ್ತೆ ಏರಬೇಕು. ಮುಂಬೈಗಿಂತ ಒಂದೂಕಾಲು ಗಂಟೆ ಹೆಚ್ಚು ಹಿಡಿಯಿತು. ಖರ್ಚೂ ರಜೆಯೂ ಮೂರು ಪಟ್ಟು. ಆದರೂ ಹನ್ನೆರಡು ದಿನ ರಜೆ ಹೊಂದಿಸಬಲ್ಲವರಿಗೆ ನಾನು ಲೇಹ್ ಅನ್ನೇ ಹೇಳುತ್ತೇನೆ. 4,200 ಮೀಟರಿಗೂ ಎತ್ತರದಲ್ಲಿರುವ ಪ್ಯಾಂಗಾಂಗ್ ಸರೋವರವನ್ನು ಬೇಕೆಂದೇ ಓಟದ ನಂತರಕ್ಕೆ ಇಟ್ಟುಕೊಂಡಿದ್ದೆ. ಐದು ಗಂಟೆಯ ಪ್ರಯಾಣದಲ್ಲಿ ಮಂಡಿ ಬಿಗಿದಿದ್ದರೂ, ಅಲ್ಲಿ ಹತ್ತಲು ಮೆಟ್ಟಿಲಿರಲಿಲ್ಲ. ದಡದ ಕಲ್ಲಿನ ಮೇಲೆ ಕಾಲು ಚಾಚಿ, ನೀರಿನ ನೀಲಿ ಬಣ್ಣ ಬದಲಾಗುವುದನ್ನು ಮಧ್ಯಾಹ್ನವಿಡೀ ನೋಡುತ್ತಾ ಕುಳಿತೆ.