ಶಾಲೆಯ ಬ್ಯಾಂಡಿಗೆ ಯಾರು: ನಿವೃತ್ತ ಸೈನಿಕರೋ, ಸಂಗೀತದ ಮೇಷ್ಟರೋ?

ಪ್ರೌಢಶಾಲೆಯ ಬ್ಯಾಂಡಿಗೆ ಮೇಷ್ಟರನ್ನು ಹುಡುಕುವವರಿಗೆ ಸಾಮಾನ್ಯವಾಗಿ ಎರಡು ಬಗೆಯವರು ಸಿಗುತ್ತಾರೆ.

ಮೊದಲನೆಯವರು ಸೇನೆಯ ಬ್ಯಾಂಡಿನಿಂದ ನಿವೃತ್ತರಾದವರು. ಸೇನೆಯ ವಾದಕರಿಗೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಪ್ರತ್ಯೇಕ ಸಂಗೀತ ತರಬೇತಿಯೇ ಇದೆ. ಪಿಂಚಣಿಯೊಂದಿಗೆ ಬೇಗನೆ ಊರಿಗೆ ಮರಳುವುದರಿಂದ ಮೈಯಲ್ಲಿ ಇನ್ನೂ ಕಸುವಿರುತ್ತದೆ. ಇವರು ಮೊದಲ ದಿನವೇ ಊದಲು ಬಿಡುವುದಿಲ್ಲ, ಹೆಜ್ಜೆ ಹಾಕಿಸುತ್ತಾರೆ. ಟ್ರಂಪೆಟ್ ನುಡಿಸಿದ ಮೇಲೆ ಒಳಗೆ ನಿಂತ ನೀರನ್ನು ಹೊರಹಾಕಿ, ವಾಲ್ವಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಒರೆಸಿಡುವುದನ್ನು ಮಕ್ಕಳಿಗೆ ರೂಢಿ ಮಾಡಿಸುತ್ತಾರೆ. ವಾದ್ಯ ಬಾಳಿಕೆ ಬರುವುದು ಇದರಿಂದಲೇ. ಗದರಿಕೆ ಮಾತ್ರ ಸ್ವಲ್ಪ ಜಾಸ್ತಿ.

ಎರಡನೆಯವರು ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯ 8 ಗ್ರೇಡ್‌ಗಳನ್ನು ಮುಗಿಸಿದವರು. ಸ್ವರಲಿಪಿ ಓದುವುದನ್ನು ಚೆನ್ನಾಗಿ ಕಲಿಸುತ್ತಾರೆ, ಮಕ್ಕಳನ್ನು ಪರೀಕ್ಷೆಗೂ ಕೂರಿಸುತ್ತಾರೆ. ಆದರೆ ಹಲವರ ವಾದ್ಯ ಪಿಯಾನೋ ಅಥವಾ ಗಿಟಾರ್. ಬಿಸಿಲಿನ ಮೈದಾನ ಅವರಿಗೆ ಹೊಸದು. ಎರಡು ಮೂರು ಶಾಲೆ ಸುತ್ತುವವರಾದರೆ, ಆಗಸ್ಟ್ 15ರ ಬೆಳಿಗ್ಗೆ ಎಲ್ಲಿರುತ್ತೀರಿ ಎಂದು ಮೊದಲೇ ಕೇಳಿಬಿಡಿ.

ಮೈಸೂರಿನವರಿಗೆ ಇನ್ನೊಂದು ದಾರಿಯಿದೆ: ಪೊಲೀಸ್ ಬ್ಯಾಂಡಿನ ನಿವೃತ್ತರು. 1868ರಲ್ಲಿ ಅರಮನೆಯಲ್ಲಿ ಹುಟ್ಟಿದ ಬ್ಯಾಂಡಿನ ಪರಂಪರೆ ಅದು. ಅಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಸಂಗೀತದ ಬ್ಯಾಂಡ್ ಎರಡೂ ಇವೆ. ಅಂಥವರು ಸಿಕ್ಕರೆ ನಾನಂತೂ ಸಂಬಳಕ್ಕೆ ಚೌಕಾಸಿ ಮಾಡುವುದಿಲ್ಲ.

ಯಾರೇ ಬರಲಿ, ಸಂದರ್ಶನದ ದಿನ ಪ್ರಮಾಣಪತ್ರವನ್ನು ಬದಿಗಿಟ್ಟು, ಚರ್ಮ ಸಡಿಲವಾದ ಡ್ರಮ್ ಒಂದನ್ನು ಕೈಗೆ ಕೊಟ್ಟು, ಅದನ್ನು ಬಿಗಿ ಮಾಡುತ್ತಾರೋ ನೋಡಿ.